ಬಿಳಿ ಟವೆಲ್ಲಿನ ಮೇಲಿನ ಕೆಂಪು: ಕಫದಲ್ಲಿ ರಕ್ತ ಬಂದ ಒಂದು ಪ್ರಕರಣ

ಇಲ್ಲಿ ಬರುವ ರೋಗಿಯ ಊರು, ವಯಸ್ಸು, ಮನೆಯವರ ವಿವರಗಳನ್ನು ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ರೋಗ ನಡೆದ ದಾರಿ, ನಾವು ತೆಗೆದುಕೊಂಡ ತೀರ್ಮಾನಗಳು ಇದ್ದ ಹಾಗೇ ಇವೆ. ತಪ್ಪುಗಳನ್ನೂ ಬದಲಿಸಿಲ್ಲ. ಅವುಗಳಲ್ಲಿ ಮೊದಲನೆಯದು ನನ್ನದೇ.

ಹಿನ್ನೆಲೆ

ಭದ್ರಾ ಅಚ್ಚುಕಟ್ಟಿನ ಕಡೆಯ ಒಂದು ಹಳ್ಳಿ. ಅವರನ್ನು ಯಜಮಾನರು ಎನ್ನೋಣ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಹಾಗೇ ಕರೆಯುತ್ತಿದ್ದೆ. ಐವತ್ತು ದಾಟಿ ಎರಡೋ ಮೂರೋ ವರ್ಷ. ಸ್ವಂತಕ್ಕೆ ಅರ್ಧ ಎಕರೆ ಅಡಿಕೆ ತೋಟ. ಸುಗ್ಗಿಯಲ್ಲಿ ಖೇಣಿದಾರರ (ತೋಟದ ಫಸಲನ್ನು ಗುತ್ತಿಗೆಗೆ ಹಿಡಿಯುವವರ) ಕಣದಲ್ಲಿ ಆಳುಗಳನ್ನು ಕೂರಿಸಿ ಅಡಿಕೆ ಸುಲಿಸುವುದು, ಬೇಯಿಸುವುದು, ಒಣಹಾಕಿಸುವುದು ಅವರ ಮೇಸ್ತ್ರಿ ಕೆಲಸ. ಬೀಡಿ ಸೇದುತ್ತಿದ್ದವರು ಟಿಬಿ ಬಂದ ಮೇಲೆ ಬಿಟ್ಟಿದ್ದರು. ಎಲೆಅಡಿಕೆ ಬಿಟ್ಟಿರಲಿಲ್ಲ.

ಟಿಬಿ ಬಂದದ್ದು 2009ರಲ್ಲಿ. ಆಗ ಡಾಟ್ಸ್ (ಆರೋಗ್ಯ ಕಾರ್ಯಕರ್ತರ ಕಣ್ಣೆದುರೇ ನುಂಗುವ) ಮಾತ್ರೆ ವಾರಕ್ಕೆ ಮೂರು ದಿನ. ಒಬ್ಬೊಬ್ಬ ರೋಗಿಯ ಹೆಸರಿಗೂ ಒಂದೊಂದು ಡಬ್ಬಿ. ಮೊದಲ ಸಲದವರಿಗೆ ಕೆಂಪು, ಮರುಕಳಿಸಿದವರಿಗೆ ನೀಲಿ. ಇವರದು ಕೆಂಪು ಡಬ್ಬಿ. ಆರು ತಿಂಗಳು ತಪ್ಪದೆ ನುಂಗಿದರು, ಕೊನೆಯ ಕಫ ಪರೀಕ್ಷೆ ನೆಗೆಟಿವ್ ಬಂತು, ಕಾರ್ಡಿನಲ್ಲಿ ‘ಗುಣವಾಗಿದೆ’ ಎಂದು ಬರೆದು ಕಳಿಸಿದರು. ಗುಣವಾದದ್ದೂ ನಿಜ. ಆದರೆ ಕ್ರಿಮಿ ಸತ್ತ ಮಾತ್ರಕ್ಕೆ ಅದು ಕೊರೆದ ಗುಳಿ ಮುಚ್ಚಿಕೊಳ್ಳುವುದಿಲ್ಲ. ಎಡ ಶ್ವಾಸಕೋಶದ ಮೇಲ್ಭಾಗದಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಗುಳಿ ಹಾಗೇ ಉಳಿದುಹೋಗಿತ್ತು. ಅದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಹನ್ನೊಂದು ವರ್ಷ ಅದರಿಂದ ತೊಂದರೆಯೂ ಆಗಲಿಲ್ಲ.

ಮೊದಲ ಭೇಟಿ

ಮುಂಗಾರು ಹಿಡಿದ ಹೊತ್ತಿಗೆ ಕಫದಲ್ಲಿ ಕೆಂಪು ಕಾಣಿಸಿಕೊಂಡಿತು. ಯಜಮಾನರು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ದಿನಕ್ಕೆ ಹತ್ತು ಸಲ ಎಲೆಅಡಿಕೆ ಹಾಕುವವರ ಉಗುಳು ಕೆಂಪಾಗಿರುವುದು ಹೊಸದೇನಲ್ಲವಲ್ಲ. ಕಂಡುಹಿಡಿದದ್ದು ಹೆಂಡತಿ. ಬೆಳಿಗ್ಗೆ ಮುಖ ಒರೆಸುವ ಬಿಳಿ ಟವೆಲ್ಲಿನ ಮೇಲೆ ಗೀರು ಗೀರಾಗಿ ಕೆಂಪು. ಒಗೆದರೆ ಕಂದು ಕಲೆ ಉಳಿಯುತ್ತಿತ್ತಂತೆ. ಎಲೆಅಡಿಕೆಯ ಕಲೆ ಅವರಿಗೆ ಮೂವತ್ತು ವರ್ಷದಿಂದ ಗೊತ್ತು. ಇದು ಬೇರೆ ಎಂದು ಅವರಿಗೆ ಅನಿಸಿತು.

ಜುಲೈನಲ್ಲಿ ಇಬ್ಬರೂ ನನ್ನ ಹತ್ತಿರ ಬಂದರು. ಓಪಿಡಿಯ ಹೊರಗೆ ಎಂಬತ್ತು ಚೀಟಿ ಕಾಯುತ್ತಿದ್ದವು. ಬಾಯಿ ತೆರೆಸಿ ಟಾರ್ಚ್ ಹಾಕಿದೆ. ವಸಡೆಲ್ಲ ಕೆಂಪು, ಎರಡು ಕಡೆ ಒತ್ತಿದರೆ ರಕ್ತ ಜಿನುಗಿತು. ಉತ್ತರ ಸಿಕ್ಕಿತು ಅಂದುಕೊಂಡೆ. ಆದರೂ ಹಳೇ ಟಿಬಿ ಎಂಬ ಕಾರಣಕ್ಕೆ ಕಫವನ್ನು ಟಿಬಿ ಕ್ರಿಮಿ ಹುಡುಕುವ ಸಿಬಿನಾಟ್‌ಗೆ ಕಳಿಸಿ, ಎದೆಯ ಎಕ್ಸ್‌ರೇ ತೆಗೆಸಿ, ಐದು ದಿನದ ಆಂಟಿಬಯಾಟಿಕ್ ಬರೆದೆ. ಸಿಬಿನಾಟ್ ನೆಗೆಟಿವ್. ಎಕ್ಸ್‌ರೇಯ ಎಡ ಮೇಲ್ಭಾಗದಲ್ಲಿ ಬಿಳಿ ನೆರಳು ಇತ್ತು. ಚೀಟಿಯ ಮೇಲೆ ‘ಹಳೇ ಕಲೆ’ ಎಂದು ಬರೆದೆ.

ಆ ಎರಡು ಪದ ಬರೆಯುವಾಗ ನಾನು ಹಳೆಯ ಫಿಲ್ಮನ್ನು ನೋಡಿರಲಿಲ್ಲ. ಯಾವುದಕ್ಕೆ ಹೋಲಿಸಿ ಹಳೆಯದು ಎಂದೆ ಎಂದು ಅವತ್ತು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರ ಇರುತ್ತಿರಲಿಲ್ಲ. ಹೆಂಡತಿ ಬಾಗಿಲ ಬಳಿ ನಿಂತು ಏನೋ ಹೇಳಲು ನೋಡಿದ್ದು ನೆನಪಿದೆ. ಮುಂದಿನ ಚೀಟಿ ಒಳಗೆ ಬಂದಾಗಿತ್ತು.

ಎರಡನೇ ಡಬ್ಬಿ

ರಕ್ತ ನಿಲ್ಲಲಿಲ್ಲ. ಎರಡು ವಾರದ ನಂತರ ಮಗ ಅವರನ್ನು ಪಟ್ಟಣದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದ. ಅಲ್ಲಿ ಮತ್ತೊಂದು ಎಕ್ಸ್‌ರೇ ತೆಗೆದು, ಟಿಬಿ ಮರುಕಳಿಸಿದೆ ಎಂದು ಹೇಳಿ, ಕಫ ಮತ್ತೆ ಪರೀಕ್ಷಿಸದೆಯೇ ಮಾತ್ರೆ ಶುರುಮಾಡಿದರು. ಅವರನ್ನು ಹಳಿಯುವುದು ಸುಲಭ. ಆದರೆ ನಮ್ಮ ದೇಶದಲ್ಲಿ ಹಿಂದೆ ಟಿಬಿ ಇದ್ದವರು ರಕ್ತ ಕೆಮ್ಮಿಕೊಂಡು ಬಂದರೆ ಮೊದಲು ನೆನಪಾಗಬೇಕಾದದ್ದೂ ಟಿಬಿಯೇ. ನೆನಪಾದದ್ದು ತಪ್ಪಲ್ಲ, ಅಲ್ಲಿಗೇ ನಿಂತದ್ದು ತಪ್ಪು. ಹಿಂದೆ ಟಿಬಿ ಇದ್ದವರಿಗೆ ಪ್ರಶ್ನೆ ಕೇಳುವ ಮೊದಲೇ ಉತ್ತರ ಬರೆದಿಟ್ಟಿರುತ್ತೇವೆ. ನಾನು ‘ಹಳೇ ಕಲೆ’ ಎಂದೆ, ಅವರು ‘ಹೊಸ ಟಿಬಿ’ ಎಂದರು. ಇಬ್ಬರೂ ನೋಡಿದ್ದು ಅದೇ ಬಿಳಿ ನೆರಳನ್ನು.

ಮನೆಯಲ್ಲಿ ಇದರ ಪರಿಣಾಮ ಬೇಗ ಕಾಣಿಸಿತು. ಯಜಮಾನರ ತಟ್ಟೆ, ಲೋಟ ಬೇರೆಯಾದವು. ಸೊಸೆ ಮಗುವನ್ನು ಕರೆದುಕೊಂಡು ತವರಿಗೆ ಹೋದಳು. ಕಣದಲ್ಲಿ ಸುಲಿಯಲು ಬರುವ ಹೆಂಗಸರು ಬೇರೆ ಮೇಸ್ತ್ರಿಯ ಕಡೆ ಸರಿದರು.

ಮಾತ್ರೆ ಶುರುವಾದ ಮೂರನೇ ದಿನ ಮೂತ್ರ ಕಿತ್ತಳೆಗೆಂಪಾಯಿತು. ಕಫಕ್ಕೂ ಆ ಬಣ್ಣ ಹತ್ತಿತು, ಬೆವರು ಹತ್ತಿದ ಬನಿಯನ್ನಿನ ಕಂಕುಳೂ ಬಣ್ಣ ತಿರುಗಿತು. ರಿಫಾಂಪಿಸಿನ್ ಎಂಬ ಟಿಬಿ ಔಷಧ ಹೀಗೆ ಮಾಡುತ್ತದೆ. ಅದರಿಂದ ಅಪಾಯವೇನಿಲ್ಲ, ಮೊದಲೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಯಾರೂ ಹೇಳಿರಲಿಲ್ಲ. ಮೈಯೆಲ್ಲ ರಕ್ತ ಒಡೆಯುತ್ತಿದೆ ಎಂದು ಅವರು ಹೆದರಿದರು. ಉಷ್ಣ ಹೆಚ್ಚಾಗಿದೆ ಎಂದು ಊರಿನ ಹಿರಿಯರೊಬ್ಬರು ಹೇಳಿದ್ದಕ್ಕೆ ಗರಿಕೆ ರಸ, ಆಡುಸೋಗೆ ಕಷಾಯ ಶುರುವಾಯಿತು. ಹತ್ತೊಂಬತ್ತನೇ ದಿನ ಮಾತ್ರೆ ನಿಂತಿತು.

ತಿರುವು: ಟ್ರಂಕಿನಲ್ಲಿದ್ದ ಫಿಲ್ಮು

ಆಗಸ್ಟ್ ಕೊನೆಗೆ ಹೆಂಡತಿ ಮತ್ತೆ ನನ್ನ ಬಳಿ ಕರೆದುಕೊಂಡು ಬಂದರು. ಈ ಸಲ ಮಧ್ಯಾಹ್ನ ಎರಡು ಗಂಟೆಗೆ, ಓಪಿಡಿ ಖಾಲಿಯಾದ ಮೇಲೆ. ಬೇಕೆಂದೇ ಆ ಹೊತ್ತಿಗೆ ಬಂದಿದ್ದರು.

“ಸಾರ್, ಬೆಳಿಗ್ಗೆ ಎದ್ದ ತಕ್ಷಣ ಬರ್ತತೆ. ಆಗ ಬಾಯಾಗೆ ಎಲೆಅಡಿಕೆ ಇರಲ್ಲ. ಹೋದ್ಸಲ ಇದನ್ನೇ ಹೇಳಾಣ ಅಂತಿದ್ದೆ,” ಎಂದರು.

ಜುಲೈನಲ್ಲಿ ಕೇಳಬೇಕಿದ್ದನ್ನೆಲ್ಲ ಅವತ್ತು ಕೂತು ಕೇಳಿದೆ. ಮೊದಲನೆಯದು, ರಕ್ತ ಬರುತ್ತಿರುವುದು ಎಲ್ಲಿಂದ? ಮೂಗಿನಿಂದ ರಾತ್ರಿ ಗಂಟಲಿಗೆ ಇಳಿದ ರಕ್ತ, ವಸಡಿನ ರಕ್ತ, ವಾಂತಿಯಲ್ಲಿ ಬರುವ ಹೊಟ್ಟೆಯ ರಕ್ತ, ಇವು ಮೂರೂ ‘ಕೆಮ್ಮಿದರೆ ರಕ್ತ’ ಎಂಬ ಮಾತಿನೊಳಗೆ ಸೇರಿಕೊಂಡುಬಿಡುತ್ತವೆ. ಹೊಟ್ಟೆಯದು ಸಾಮಾನ್ಯವಾಗಿ ಕಾಫಿ ಚರಟದಂತೆ ಕಪ್ಪು ಕಂದು, ಜೊತೆಗೆ ತಿಂದ ಅನ್ನ. ಶ್ವಾಸಕೋಶದ್ದು ಹಸಿ ಕೆಂಪು, ನೊರೆ, ಕಫದಲ್ಲಿ ಕಲೆಸಿಕೊಂಡಿರುತ್ತದೆ. ಯಜಮಾನರದು ಎರಡನೇ ಬಗೆ. ಬರುವ ಮೊದಲು ಎಡ ಎದೆಯೊಳಗೆ ಗುರುಗುರು ಎಂದು ಬೆಚ್ಚಗೆ ಏನೋ ಏರಿದಂತಾಗುತ್ತದೆ ಎಂದರು. ಇದನ್ನು ನಾನು ಚೀಟಿಯ ಮೇಲೆ ದಪ್ಪಗೆ ಬರೆದುಕೊಂಡೆ. ಮುಂದೆ ಅದೇ ಕೆಲಸಕ್ಕೆ ಬಂತು.

ಆಮೇಲೆ ಉಳಿದದ್ದು. ಜ್ವರ ಇಲ್ಲ, ರಾತ್ರಿ ಬೆವರು ಇಲ್ಲ, ತೂಕ ಒಂದು ಕೆಜಿ ಮಾತ್ರ ಇಳಿದಿದೆ. ಸಕ್ರಿಯ ಟಿಬಿಗೆ ಇದು ಅಷ್ಟಾಗಿ ಹೊಂದುವುದಿಲ್ಲ. ಕಾಲು ಊತ, ಹಠಾತ್ ಎದೆನೋವು ಇಲ್ಲ, ಹಾಗಾಗಿ ಕಾಲಿನಿಂದ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರುವ ಸಂಭವ ಕಡಿಮೆ. ಹೃದಯಕ್ಕೆ ಸ್ಟೆತ್ ಇಟ್ಟೆ, ಮೈಟ್ರಲ್ ಕವಾಟ ಕಿರಿದಾದವರಲ್ಲಿ ಕೇಳುವ ಸದ್ದಿಲ್ಲ. ಮೂತ್ರ ಪರೀಕ್ಷೆ ಸರಿಯಿತ್ತು. ಶ್ವಾಸಕೋಶ, ಮೂತ್ರಪಿಂಡ ಎರಡನ್ನೂ ಒಟ್ಟಿಗೆ ಹಿಡಿಯುವ ರಕ್ತನಾಳದ ಕಾಯಿಲೆಗಳಿವೆ, ಅದಕ್ಕಾಗಿ ನೋಡಿದ್ದು. ರಕ್ತ ತೆಳುಮಾಡುವ ಮಾತ್ರೆ ತಿನ್ನುತ್ತಿಲ್ಲ. ಉಳಿದವು ನಾಲ್ಕು: ಟಿಬಿ ಮರುಕಳಿಸಿರುವುದು, ಟಿಬಿಯಿಂದ ಹಿಗ್ಗಿದ ಶ್ವಾಸನಾಳ, ಹಳೇ ಗುಳಿಯಲ್ಲಿ ಬೇರೇನೋ ಸೇರಿಕೊಂಡಿರುವುದು, ಮತ್ತು ನಲವತ್ತು ದಾಟಿದ, ಬೀಡಿ ಸೇದಿದ ಯಾರಲ್ಲೂ ಮರೆಯಬಾರದ ಕ್ಯಾನ್ಸರ್.

“ಹಳೇ ಎಕ್ಸ್‌ರೇ ಏನಾದ್ರೂ ಇದೆಯೇನಮ್ಮ?”

ಸೆರಗಿನಡಿಯಿಂದ ಸುತ್ತಿದ ಫಿಲ್ಮೊಂದನ್ನು ತೆಗೆದರು. ಟ್ರಂಕಿನಲ್ಲಿ ಸೀರೆಗಳ ಅಡಿ ಹನ್ನೊಂದು ವರ್ಷ ಇದ್ದದ್ದು, ಜೊತೆಗೆ ಟಿಬಿ ಕಾರ್ಡು. ಫಿಲ್ಮಿನ ಒಂದು ಮೂಲೆ ಅಂಟಿಕೊಂಡು ಕಿತ್ತುಬಂದಿತ್ತು. ನಮ್ಮ ವ್ಯೂ ಬಾಕ್ಸಿನ ಟ್ಯೂಬ್ ಹೋಗಿದ್ದರಿಂದ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಹಿಡಿದು ಕಿಟಕಿಯ ಬೆಳಕಿಗೆ ನೋಡಿದೆ.

2010ರ ಫಿಲ್ಮಿನಲ್ಲಿ ಗುಳಿ ಖಾಲಿ. ಸುತ್ತ ತೆಳು ಗೋಡೆ, ಒಳಗೆ ಬರೀ ಗಾಳಿಯ ಕಪ್ಪು. ಹೊಸದರಲ್ಲಿ ಅದೇ ಗುಳಿ, ಅದೇ ಜಾಗ, ಆದರೆ ಒಳಗೆ ದುಂಡಗಿನ ಬಿಳಿ ಗಡ್ಡೆ. ಗಡ್ಡೆಯ ನೆತ್ತಿಯ ಮೇಲೆ ಬಿದಿಗೆ ಚಂದ್ರನ ಹಾಗೆ ಕಪ್ಪು ಗೆರೆ. ಹಳೆಯದನ್ನು ಪಕ್ಕದಲ್ಲಿಡದೆ ಹೋಗಿದ್ದರೆ ಆ ಗೆರೆ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಜುಲೈನಲ್ಲಿ ಬಿದ್ದಿರಲಿಲ್ಲ.

ಯಜಮಾನರಿಗೆ ವಿವರಿಸಲು ನಾನು ಕಷ್ಟಪಡಬೇಕಾಗಲಿಲ್ಲ. “ಮಳೆಗಾಲದಲ್ಲಿ ಸರಿಯಾಗಿ ಒಣಗದ ಅಡಿಕೆಗೆ ಬೂಷ್ಟು ಹಿಡಿಯುತ್ತಲ್ಲ, ನಿಮ್ಮ ಹಳೇ ಗುಳಿಯೊಳಗೆ ಅಂಥದ್ದೇ ಉಂಡೆ ಕಟ್ಟಿರಬಹುದು,” ಎಂದೆ. ಆಸ್ಪರ್ಜಿಲಸ್ ಎಂಬ ಆ ಬೂಷ್ಟಿನ ಬೀಜಕಣಗಳು ಕೊಳೆತ ಎಲೆ, ಹುಲ್ಲು, ಸಿಪ್ಪೆ, ಧೂಳು ಎಲ್ಲ ಕಡೆ ಇವೆ. ನಾವೆಲ್ಲ ದಿನವೂ ಉಸಿರಿನೊಂದಿಗೆ ಎಳೆದುಕೊಳ್ಳುತ್ತೇವೆ, ಆರೋಗ್ಯವಂತ ಶ್ವಾಸಕೋಶ ಹೊರಹಾಕುತ್ತದೆ. ಗುಳಿಯೊಳಗೆ ಬಿದ್ದದ್ದನ್ನು ಹೊರಹಾಕುವವರಿಲ್ಲ. 1960ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ವೈದ್ಯರು ಟಿಬಿ ವಾಸಿಯಾಗಿ ದೊಡ್ಡ ಗುಳಿ ಉಳಿದಿದ್ದ 500ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದಾಗ ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯಲ್ಲಿ ಇಂಥ ಉಂಡೆ ಸಿಕ್ಕಿತ್ತು. ನಮ್ಮಲ್ಲಿ ಟಿಬಿ ವಾಸಿಯಾದವರೆಷ್ಟು ಎಂದು ಯೋಚಿಸಿದರೆ ಇದು ಅಪರೂಪದ ಕಾಯಿಲೆ ಎನ್ನಲು ನನಗೆ ನಾಲಿಗೆ ಬರುವುದಿಲ್ಲ.

ಮಾತ್ರೆ ಮತ್ತೆ ಶುರುಮಾಡಬೇಕೇ?

ಇಲ್ಲಿ ನಿಜವಾಗಿ ತೂಗಿ ನೋಡಬೇಕಾದ ತೀರ್ಮಾನವಿತ್ತು. ಟಿಬಿ ಮಾತ್ರೆ ಅರ್ಧಕ್ಕೆ ನಿಂತಿದೆ. ನಿಜವಾಗಿ ಟಿಬಿಯೇ ಆಗಿದ್ದರೆ ಅರೆಬರೆ ಚಿಕಿತ್ಸೆಯಿಂದ ಔಷಧಕ್ಕೆ ಬಗ್ಗದ ಕ್ರಿಮಿ ಹುಟ್ಟುವ ಭಯ. ಅಲ್ಲದಿದ್ದರೆ ಬೇಡದ ಮಾತ್ರೆಯ ಜೊತೆಗೆ ಇನ್ನೊಂದು ತೊಡಕು: ಬೂಷ್ಟಿಗೆ ಕೊಡುವ ಇಟ್ರಕೊನಜೋಲ್ ಔಷಧವನ್ನು ರಿಫಾಂಪಿಸಿನ್ ರಕ್ತದಲ್ಲಿ ನಿಲ್ಲಲು ಬಿಡುವುದಿಲ್ಲ. ಎರಡನ್ನೂ ಒಟ್ಟಿಗೆ ಕೊಟ್ಟು ‘ಎರಡಕ್ಕೂ ಇರಲಿ’ ಎನ್ನುವ ನಮ್ಮ ಮಾಮೂಲಿ ದಾರಿ ಇಲ್ಲಿ ಮುಚ್ಚಿತ್ತು.

ಸಿಬಿನಾಟ್ ಮತ್ತೆ ಮಾಡಿಸಿದೆ, ಮತ್ತೆ ನೆಗೆಟಿವ್. ಕಫದಲ್ಲಿನ ಕ್ರಿಮಿಯನ್ನು ಬೆಳೆಸಿ ನೋಡುವ ಕಲ್ಚರ್‌ಗೂ ಕಳಿಸಿದೆ. ದ್ರವ ಕಲ್ಚರಿನಲ್ಲಿ ಕ್ರಿಮಿ ಬೆಳೆಯಲಿಲ್ಲ ಎಂದು ಹೇಳಲು 42 ದಿನ ಕಾಯಬೇಕು. (ಹಿಂದೆ ಟಿಬಿ ಇದ್ದವರಲ್ಲಿ ಸಿಬಿನಾಟ್ ಪಾಸಿಟಿವ್ ಬಂದರೂ ಕಲ್ಚರ್ ಬೇಕಾಗಬಹುದು. ಅದು ಹುಡುಕುವುದು ಕ್ರಿಮಿಯ ಡಿಎನ್‌ಎಯನ್ನು, ಸತ್ತ ಕ್ರಿಮಿಯ ಡಿಎನ್‌ಎಯೂ ಅದಕ್ಕೆ ಸಿಗುತ್ತದೆ.) ಜಿಲ್ಲೆಯ ಟಿಬಿ ಅಧಿಕಾರಿಯೊಂದಿಗೆ ಫೋನಿನಲ್ಲಿ ಮಾತಾಡಿ, ಸಿಟಿ ಸ್ಕ್ಯಾನ್ ಆಗುವ ತನಕ ಮಾತ್ರೆ ಬೇಡ ಎಂದು ತೀರ್ಮಾನಿಸಿದೆವು.

ಸಿಟಿಯಲ್ಲಿ ಅಂಗಾತ ಮಲಗಿಸಿ ಒಮ್ಮೆ, ಬೋರಲು ಮಲಗಿಸಿ ಒಮ್ಮೆ ಚಿತ್ರ ತೆಗೆಸಿದೆ. ಅಂಗಾತ ಮಲಗಿದಾಗ ಉಂಡೆ ಬೆನ್ನಿನ ಕಡೆ, ಬೋರಲು ಮಲಗಿದಾಗ ಎದೆಯ ಕಡೆ. ಡಬ್ಬಿಯೊಳಗಿನ ಗೋಲಿಯ ಹಾಗೆ ಉರುಳಿತ್ತು. ಕ್ಯಾನ್ಸರ್ ಗಡ್ಡೆ ಹಾಗೆ ಉರುಳಾಡುವುದಿಲ್ಲ. ಬಲ ಶ್ವಾಸಕೋಶದಲ್ಲಿ ಕಲೆ ಅಲ್ಪ. ರಕ್ತದಲ್ಲಿ ಆಸ್ಪರ್ಜಿಲಸ್ ವಿರುದ್ಧದ ಪ್ರತಿಕಾಯ ಹೆಚ್ಚಾಗಿತ್ತು.

ಅಡ್ಮಿಟ್ ಆಗಿ ಎಂದೆ. “ಸುಗ್ಗಿ ಶುರುವಾಗೇತಿ ಸಾರ್, ಸೋಮವಾರ ಬರ್ತೀನಿ,” ಎಂದರು. ಬಿಟ್ಟುಕಳಿಸಿದೆ. ಇದು ನನ್ನ ಎರಡನೇ ತಪ್ಪೋ ಅಲ್ಲವೋ ಇವತ್ತಿಗೂ ಇತ್ಯರ್ಥವಾಗಿಲ್ಲ.

ಶನಿವಾರ ರಾತ್ರಿ

ಎರಡು ಗಂಟೆಗೆ 108ರಲ್ಲಿ ಬಂದರು. ಮನೆಯಲ್ಲಿ ಎರಡು ಟೀ ಲೋಟದಷ್ಟು ರಕ್ತ, ದಾರಿಯಲ್ಲಿ ಮತ್ತೊಂದು. ಮಗ ಅವರನ್ನು ಅಂಗಾತ ಮಲಗಿಸಿ ತಲೆ ಹಿಡಿದುಕೊಂಡಿದ್ದ. ಬಂದವನೇ “ಮೊದ್ಲು ರಕ್ತ ಏರಿಸ್ರಿ ಸಾರ್” ಎಂದ.

ರಕ್ತ ಏರಿಸುವುದು ಅವತ್ತಿನ ಮುಖ್ಯ ಕೆಲಸವಾಗಿರಲಿಲ್ಲ. ಹಿಮೋಗ್ಲೋಬಿನ್ 10.8 ಇತ್ತು. ಕೆಮ್ಮಿನಲ್ಲಿ ಬಹಳ ರಕ್ತ ಬರುವವರು ಸಾಮಾನ್ಯವಾಗಿ ಸಾಯುವುದು ರಕ್ತ ಕಡಿಮೆಯಾಗಿ ಅಲ್ಲ, ಉಸಿರುಕಟ್ಟಿ. ನಮ್ಮ ಶ್ವಾಸನಾಳಗಳ ಒಟ್ಟು ಒಳಜಾಗ ಸುಮಾರು 150 ಮಿಲಿ. ಒಂದೂವರೆ ಟೀ ಲೋಟ ಸಾಕು ಅದು ತುಂಬಲು. ಹಾಗಾಗಿ ಪ್ರಶ್ನೆ ಒಂದೇ: ಯಾವ ಕಡೆಯಿಂದ ಬರುತ್ತಿದೆ? ಎಡ ಎಂದು ನಮಗೆ ಗೊತ್ತಿತ್ತು, ಸಿಟಿಯಿಂದಲೂ, ಆ ‘ಗುರುಗುರು’ವಿನಿಂದಲೂ. ಎಡ ಮಗ್ಗುಲು ಕೆಳಗಾಗುವಂತೆ ಮಲಗಿಸಿದೆವು. ರಕ್ತ ಕೆಟ್ಟ ಕಡೆಯಲ್ಲೇ ನಿಂತು, ಒಳ್ಳೆಯ ಶ್ವಾಸಕೋಶಕ್ಕೆ ಹರಿಯದಿರಲಿ ಎಂದು. ಆಕ್ಸಿಜನ್, ಎರಡು ಕೈಗೂ ಡ್ರಿಪ್, ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್, ಬ್ಲಡ್ ಗ್ರೂಪಿಂಗ್. ನಿದ್ದೆ ಬರಿಸುವ ಔಷಧ ಕೊಡಬೇಡಿ ಎಂದು ಸಿಸ್ಟರಿಗೆ ಹೇಳಿದೆ, ಕೆಮ್ಮಿ ಹೊರಹಾಕುವ ಶಕ್ತಿ ಅವರಿಗೆ ಬೇಕಿತ್ತು.

ಆಮೇಲೆ ಎಲ್ಲಿಗೆ ಕಳಿಸುವುದು? ನಲವತ್ತು ನಿಮಿಷದ ದೂರದಲ್ಲಿ ಒಂದು ದೊಡ್ಡ ಆಸ್ಪತ್ರೆ ಇದೆ, ಆದರೆ ಅಲ್ಲಿ ರಕ್ತನಾಳದೊಳಗೆ ತೂರಿ ಸೋರಿಕೆ ಮುಚ್ಚುವವರಿರಲಿಲ್ಲ. ಇರುವ ಕಡೆಗೆ ಎರಡು ಗಂಟೆಯ ದಾರಿ. ಹತ್ತಿರದ್ದನ್ನು ಬಿಟ್ಟು ದೂರದ್ದಕ್ಕೆ ಕಳಿಸುವುದು ಧೈರ್ಯದ ಮಾತೇನಲ್ಲ, ಭಯದ ಮಾತು. ಹೊರಡುವ ಮೊದಲು ಫೋನ್ ಮಾಡಿ ತಜ್ಞರು ಬೆಳಗಿನ ಜಾವಕ್ಕೆ ಬರುತ್ತಾರೆ ಎಂದು ಖಾತ್ರಿ ಮಾಡಿಕೊಂಡೆ. ಬಾಯಿಂದ ರಕ್ತ ಎಳೆಯುವ ಸಕ್ಷನ್ ಯಂತ್ರದೊಂದಿಗೆ ನಮ್ಮ ಹಿರಿಯ ಸಿಸ್ಟರ್ ಒಬ್ಬರು ಆಂಬುಲೆನ್ಸ್ ಹತ್ತಿದರು. ದಾರಿಯುದ್ದಕ್ಕೂ ಅವರ ಭುಜ ಹಿಡಿದು ಎಡ ಮಗ್ಗುಲಲ್ಲೇ ಇಟ್ಟುಕೊಂಡಿದ್ದರಂತೆ.

ಶ್ವಾಸಕೋಶಕ್ಕೆ ಎರಡು ಕಡೆಯಿಂದ ರಕ್ತ ಬರುತ್ತದೆ. ಬಹುಪಾಲು, ಹೃದಯದ ಬಲಭಾಗದಿಂದ ಕಡಿಮೆ ಒತ್ತಡದಲ್ಲಿ. ಸ್ವಲ್ಪ ಮಾತ್ರ ಮಹಾಪಧಮನಿಯಿಂದ ಹೊರಡುವ ಸಣ್ಣ ಬ್ರಾಂಕಿಯಲ್ ನಾಳಗಳಲ್ಲಿ, ದೇಹದ ಪೂರ್ತಿ ಒತ್ತಡದಲ್ಲಿ. ದೊಡ್ಡ ರಕ್ತಸ್ರಾವ ಹತ್ತಕ್ಕೆ ಒಂಬತ್ತು ಸಲ ಈ ಸಣ್ಣ ನಾಳಗಳದೇ. ವರ್ಷಗಟ್ಟಲೆ ಉರಿಯೂತದ ಪಕ್ಕದಲ್ಲಿದ್ದು ಅವು ದಪ್ಪಗಾಗಿ, ಬೇರುಗಳ ಹಾಗೆ ಸುತ್ತಿಕೊಂಡಿರುತ್ತವೆ. ತೊಡೆಸಂದಿನಿಂದ ತೆಳು ಕೊಳವೆ ತೂರಿಸಿ, ಆ ನಾಳ ಹುಡುಕಿ, ಸಣ್ಣ ಕಣಗಳಿಂದ ಮುಚ್ಚುತ್ತಾರೆ. ಬೆನ್ನುಹುರಿಗೆ ಹೋಗುವ ನಾಳವೂ ಕೆಲವರಲ್ಲಿ ಅಲ್ಲಿಂದಲೇ ಕವಲೊಡೆಯುತ್ತದೆ. ಅದನ್ನು ನೋಡದೆ ಮುಚ್ಚಿದರೆ ಕಾಲಿನ ಸ್ವಾಧೀನ ಹೋಗಬಹುದು. ಬೆಳಿಗ್ಗೆ ಏಳಕ್ಕೆ ರಕ್ತ ನಿಂತಿತು. ಎರಡು ದಿನದ ನಂತರ ಬ್ರಾಂಕೋಸ್ಕೋಪಿ (ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡುವ ಪರೀಕ್ಷೆ) ಮಾಡಿದರು. ತೊಳೆದು ತೆಗೆದ ದ್ರವದಲ್ಲಿ ಟಿಬಿಯೂ ಇಲ್ಲ, ಕ್ಯಾನ್ಸರ್ ಕೋಶವೂ ಇಲ್ಲ.

ನಂತರ

ನಾಳ ಮುಚ್ಚಿದ್ದು ಕಾಲ ಗಳಿಸಿಕೊಟ್ಟಿತು, ಅಷ್ಟೇ. ಉಂಡೆ ಒಳಗೇ ಇದೆ, ಇಂಥವರಲ್ಲಿ ರಕ್ತ ಮರುಕಳಿಸುವುದು ಸಾಮಾನ್ಯ. ಆ ಭಾಗವನ್ನೇ ತೆಗೆಯುವುದು ಶಾಶ್ವತ ದಾರಿ. ಉಸಿರಾಟದ ಪರೀಕ್ಷೆ ಅದಕ್ಕೆ ತಕ್ಕಷ್ಟು ಚೆನ್ನಾಗಿತ್ತು. ಯಜಮಾನರು ಒಪ್ಪಲಿಲ್ಲ. ಇಟ್ರಕೊನಜೋಲ್ ಮೇಲೆ ಮನೆಗೆ ಹೋದರು. ಅಕ್ಟೋಬರಿನಲ್ಲಿ ಕಲ್ಚರ್ ನೆಗೆಟಿವ್ ಎಂದು ಬಂತು, ಟಿಬಿ ದಾಖಲೆ ತಿದ್ದಿಸಿದೆವು. ಆ ಕಾಗದದ ಜೆರಾಕ್ಸ್ ಹಿಡಿದು ಮಗ ಹೆಂಡತಿಯ ತವರಿಗೆ ಹೋದ, ಮಗು ಮನೆಗೆ ಬಂತು.

ಡಿಸೆಂಬರಿನಲ್ಲಿ ಮತ್ತೆ ಒಂದು ಚಮಚದಷ್ಟು ರಕ್ತ. ಈ ಸಲ ಅದೇ ದಿನ, ಮುಚ್ಚಳದ ಬಿಳಿ ಡಬ್ಬಿಯಲ್ಲಿ ಹಿಡಿದುಕೊಂಡೇ ಬಂದರು. ಜನವರಿಯಲ್ಲಿ ‘ಆರೋಗ್ಯ ಕರ್ನಾಟಕ’ದ ರೆಫರಲ್ ಪತ್ರದ ಮೇಲೆ ಬೆಂಗಳೂರಿನಲ್ಲಿ ಎಡ ಮೇಲಿನ ಹಾಲೆಯನ್ನು ತೆಗೆದರು. ಗಾಳಿ ಸೋರಿಕೆ ನಿಲ್ಲದೆ ಎದೆಯ ನಳಿಕೆ ಹನ್ನೊಂದು ದಿನ ಇಡಬೇಕಾಯಿತು. ತೆಗೆದ ಭಾಗದಲ್ಲಿ ಬೂಷ್ಟಿನ ಎಳೆಗಳು ಮಾತ್ರ, ಟಿಬಿಯ ಗುರುತಿಲ್ಲ.

ನಮ್ಮ ಓಪಿಡಿಯಲ್ಲಿ ಮೂರು ಬದಲಾವಣೆ ಆದವು. ಟಿಬಿ ಮಾತ್ರೆ ಮುಗಿಸಿದವರಿಗೆ ಕೊನೆಯ ಎಕ್ಸ್‌ರೇ ಕೊಟ್ಟು ‘ಇದನ್ನು ಎಸೆಯಬೇಡಿ, ಮುಂದೆ ಕೆಮ್ಮಿನಲ್ಲಿ ರಕ್ತ ಬಂದರೆ ಜೊತೆಗೆ ತನ್ನಿ’ ಎಂದು ಕವರಿನ ಮೇಲೇ ಬರೆದುಕೊಡುತ್ತೇವೆ. ರಿಫಾಂಪಿಸಿನ್ ಶುರುಮಾಡುವ ದಿನವೇ ಮೂತ್ರದ ಬಣ್ಣದ ವಿಷಯ ಹೇಳುತ್ತೇವೆ. ಕಫದಲ್ಲಿ ರಕ್ತ ಎಂದು ಬಂದವರಿಗೆ ಬಿಳಿ ಡಬ್ಬಿ ಕೊಟ್ಟು, ಬೆಳಿಗ್ಗೆ ಎಲೆಅಡಿಕೆ, ಕಾಫಿ, ಯಾವುದೂ ಬಾಯಿಗೆ ಬೀಳುವ ಮೊದಲು ಬಾಯಿ ಮುಕ್ಕಳಿಸಿ ಅದರಲ್ಲಿ ಕೆಮ್ಮಿ ತರಲು ಹೇಳುತ್ತೇವೆ. ಒಂದು ಚಮಚಕ್ಕಿಂತ ಹೆಚ್ಚು ಬಂದರೆ, ಅಥವಾ ಉಸಿರು ಕಟ್ಟಿದರೆ, ಬೆಳಗಾಗಲಿ ಎಂದು ಕಾಯದೆ ಹೊರಡಿ ಎಂದೂ. ವ್ಯೂ ಬಾಕ್ಸಿನ ಟ್ಯೂಬನ್ನು ನಾನೇ ತಂದು ಹಾಕಿದೆ.

ಯಜಮಾನರು ಈಗ ಕಣದಲ್ಲಿ ಸಿಪ್ಪೆ ರಾಶಿಯ ಹತ್ತಿರ ಹೋಗುವುದಿಲ್ಲ, ಲೆಕ್ಕ ಬರೆದುಕೊಂಡು ದೂರ ಕೂರುತ್ತಾರೆ. ಕಳೆದ ಸಲ ತಪಾಸಣೆಗೆ ಬಂದಾಗ ಎಲೆಅಡಿಕೆ ಬಿಟ್ಟಿರಾ ಎಂದು ಕೇಳಿದೆ. ಅವರು ನೆಲ ನೋಡಿದರು. ಹೆಂಡತಿಯೇ ಹೇಳಿದರು: “ಬಿಟ್ಟಿಲ್ಲ ಸಾರ್. ಆದ್ರೆ ದಿನಾ ಬೆಳಿಗ್ಗೆ ಟವೆಲ್ ನನಗೆ ತೋರ್ಸಿದ ಮೇಲೇನೆ ಎಲೆ ಕೈಗೆ ಕೊಡೋದು.”